68 ಡಿಗ್ರಿ ದಾಟಿಸಲಿಲ್ಲ, ಡಬ್ಬಿ ಕರಗಿತು

ಶಿರಸಿಯ ನಮ್ಮ ಸಣ್ಣ ಲ್ಯಾಬಿನಲ್ಲಿ ಬೇಕರಿಯ ಪ್ಲಾಸ್ಟಿಕ್ ಕೇಕ್ ಡಬ್ಬಿ ಎಂಜೈಮ್ (ಪ್ಲಾಸ್ಟಿಕ್ ಒಡೆಯುವ ಪ್ರೋಟೀನ್) ಹಾಕಿದ ಬಿಸಿನೀರಲ್ಲಿ ಕರಗಿಹೋಯಿತು ಅಂದರೆ ಕಾರವಾರದ ಗೆಳೆಯರು ನಕ್ಕಿದ್ದರು. "70ರ ಹತ್ತಿರ ಎಂಜೈಮಾ? ಮೊಟ್ಟೆ ಬೆಂದ ಹಾಗೆ ಬೇಯ್ತದೆ ಮಾರಾಯ" ಅಂದರು. ಈಗ ಅವರೇ ಸ್ವಲ್ಪ ಎಂಜೈಮ್ ಕೊಡು ಅಂತ ಕೇಳುತ್ತಿದ್ದಾರೆ.

ಮೊದಲು ನಾನೂ 2016ರಲ್ಲಿ ಸುದ್ದಿಯಾದ ಜಪಾನಿನ ಬ್ಯಾಕ್ಟೀರಿಯಾದ ಎಂಜೈಮ್ ಹಿಂದೆ ಬಿದ್ದಿದ್ದೆ. 30 ಡಿಗ್ರಿ ಸಾಕು, ಕರೆಂಟ್ ಖರ್ಚಿಲ್ಲ ಅನ್ನುವ ಆಸೆ. ವಾರಗಟ್ಟಲೆ ಇಟ್ಟರೂ ಚೂರಿನ ತೂಕ ಇಳಿದದ್ದು ತಕ್ಕಡಿಗೆ ಗೊತ್ತಾಗಲಿಲ್ಲ. ಆ ಬಿಸಿಯಲ್ಲಿ ಪೆಟ್, ಅಂದರೆ ಈ ಡಬ್ಬಿ, ನೀರಿನ ಬಾಟಲಿಗಳ ಪ್ಲಾಸ್ಟಿಕ್, ಬಿಗಿಯಾಗಿ ಕೂತಿರುತ್ತದೆ, ಎಂಜೈಮ್‌ಗೆ ಕಚ್ಚಲು ಎಳೆ ಸಿಗುವುದಿಲ್ಲ. ನೀರಲ್ಲಿ ನೆನೆದ ಪೆಟ್ ಸಡಿಲವಾಗುವುದು 60–65 ದಾಟಿದ ಮೇಲೆ.

ಹಾಗಾಗಿ ಎಲೆಗೊಬ್ಬರದಿಂದ ಸಿಕ್ಕ, ಬಿಸಿ ತಡೆಯುವ ಎಂಜೈಮ್ ಎಲ್‌ಸಿಸಿಗೆ ಬಂದೆ, ಅದರ ಸುಧಾರಿಸಿದ ಐಸಿಸಿಜಿ ರೂಪಕ್ಕೆ. 2020ರಲ್ಲಿ ಫ್ರಾನ್ಸಿನವರು 72 ಡಿಗ್ರಿಯಲ್ಲಿ 10 ಗಂಟೆಗೆ ಶೇ 90ರಷ್ಟು ಒಡೆದದ್ದು ಇದರಿಂದಲೇ. ಅದರ ಜೀನ್ (ಎಂಜೈಮ್ ಕಟ್ಟುವ ಸೂತ್ರ) ಮಾಡಿಸಲು 20 ಸಾವಿರದ ಮೇಲೆ ಹೋಯಿತು, ಅದೂ ತಿಂಗಳು ಕಾಯಿಸಿ ಕಳಿಸಿದರು. ಎಂಜೈಮ್ ಬೇರ್ಪಡಿಸುವ ನಿಕಲ್ ಕಾಲಮ್‌ಗೆ ದುಡ್ಡು ಉಳಿಯಲಿಲ್ಲ. ಆ ಜೀನ್ ಹಾಕಿ ಬೆಳೆಸಿದ ಇ. ಕೋಲಿ ಬ್ಯಾಕ್ಟೀರಿಯಾದ ಕೋಶ ಒಡೆದ ರಸವನ್ನು 70ರಲ್ಲಿ ಅರ್ಧ ಗಂಟೆ ಇಟ್ಟೆ. ಇ. ಕೋಲಿಯ ಪ್ರೋಟೀನೆಲ್ಲ ಬೆಳ್ಳಗೆ ಗಡ್ಡೆ ಕಟ್ಟಿ ತಳ ಸೇರಿತು, ನಮ್ಮದು ಮೇಲಿನ ತಿಳಿಯಲ್ಲೇ ಉಳಿಯಿತು. ಕಾಲಮ್ ಯಾಕೆ ಬೇಕು, ಅಲ್ವಾ?

72ರಲ್ಲೇ ಶುರು ಮಾಡಿದೆ. ನಮ್ಮ ವಾಟರ್ ಬಾತ್ ಹಳೆಯದು, 72 ಅಂದರೆ 69ರಿಂದ 76ರವರೆಗೆ ಓಲಾಡುತ್ತದೆ. ಮೊದಲ ಕೆಲವು ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಂತುಬಿಡುತ್ತಿತ್ತು. ಎಂಜೈಮ್ ಸತ್ತಿತು ಅಂತ ಎಲ್ಲರೂ ಹೇಳಿದರು. ಅದೇ ದ್ರಾವಣಕ್ಕೆ ಹೊಸ ಡಬ್ಬಿಯ ಚೂರು ಹಾಕಿದೆ, ಮತ್ತೆ ಒಡೆಯತೊಡಗಿತು! ಕೆಟ್ಟದ್ದು ಪ್ಲಾಸ್ಟಿಕ್. ಜಾಸ್ತಿ ಬಿಸಿಯಲ್ಲಿ ಅದರ ಎಳೆಗಳು ಜೋಡಿಸಿಕೊಂಡು ಹರಳುಗಟ್ಟುತ್ತವೆ. ಹರಳುಗಟ್ಟಿದ್ದನ್ನು ಈ ಎಂಜೈಮ್ ಮುಟ್ಟುವುದಿಲ್ಲ. 66–68ಕ್ಕೆ ಇಳಿಸಿದೆ. ವೇಗ ತುಸು ಕಮ್ಮಿ, ಆದರೆ ಕೊನೆಯವರೆಗೂ ನಡೆಯುತ್ತದೆ.

ಪಿಎಚ್ (ಹುಳಿ-ಕ್ಷಾರದ ಅಳತೆ) ಇನ್ನೊಂದು ತಲೆನೋವು. ಪೆಟ್ ಒಡೆದು ಟೆರೆಫ್ತಾಲಿಕ್ ಆಸಿಡ್ ಬಿಟ್ಟಂತೆ 8ರಿಂದ ಜಾರುತ್ತಲೇ ಹೋಗುತ್ತದೆ, ಪಿಎಚ್ ಹಿಡಿದಿಡುವ ಬಫರ್ ಸಾಲುವುದಿಲ್ಲ. ರಾತ್ರಿಯೆಲ್ಲ ಕಾಸ್ಟಿಕ್ ಸೋಡಾ ಹನಿ ಹಾಕುತ್ತಾ ಕೂತೆ. ಆ ಬಿಸಿಗೆ ಅಗ್ಗದ ಪಿಎಚ್ ಪ್ರೋಬ್ ಎರಡು ಹೋದವು. ಈಗ ಒಂದಿಷ್ಟು ದ್ರಾವಣ ತೆಗೆದು ತಣಿಸಿ ನೋಡುತ್ತೇನೆ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಫ್ಲಾಸ್ಕನ್ನು ಮನೆಯ ಬಚ್ಚಲ ಹಂಡೆಗೆ ಇಳಿಬಿಟ್ಟು ಒಲೆಗೆ ಅಡಿಕೆ ಸಿಪ್ಪೆ ತುಂಬಿದ್ದೂ ಉಂಟು. ಸಿಪ್ಪೆ ನಿಧಾನ ಉರಿಯುತ್ತದೆ, ಬಿಸಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಬೆಳಗಿನ ಜಾವ ಅತ್ತೆ ಸ್ನಾನಕ್ಕೆ ಅಂತ ಕಟ್ಟಿಗೆ ಒಟ್ಟಿದರು. 80 ದಾಟಿ ಚೂರೆಲ್ಲ ಸುರುಟಿ ಬಿಳಿಯಾಯಿತು. ಅಲ್ಲಿಗೆ ಹಂಡೆ ಪ್ರಯೋಗ ಮುಗಿಯಿತು.

ಕಾರವಾರದ ಕಡಲತೀರದ ಬಾಟಲಿಗಳನ್ನೂ ತಂದು ನೋಡಿದೆ. ಮೈಭಾಗ ಅಲುಗಲಿಲ್ಲ, ಕುತ್ತಿಗೆ ಮಾತ್ರ ಕರಗಿತು. ಬಾಟಲಿ ಊದುವಾಗ ಮೈ ಹಿಗ್ಗಿ ಹರಳುಗಟ್ಟಿರುತ್ತದೆ, ಕುತ್ತಿಗೆ ಹಿಗ್ಗುವುದಿಲ್ಲ. ಮೈಯ ಚೂರನ್ನು ಒಣಗಿಸಿ, 260ರ ಮೇಲೆ ಕರಗಿಸಿ, ಥಟ್ಟನೆ ತಣಿಸಿದರೆ ಅದೂ ದಾರಿಗೆ ಬರುತ್ತದೆ. ತೇವ ಉಳಿದರೆ ಕರಗುವಾಗಲೇ ಕೆಡುತ್ತದೆ, ನಮ್ಮ ಮಳೆಯಲ್ಲಿ ಒಣಗಿಸುವುದೇ ದೊಡ್ಡ ಕೆಲಸ. ಯಾವುದರಲ್ಲಿ ತಣಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈಗಿನ ಲೆಕ್ಕ: 10 ಗ್ರಾಂ ಡಬ್ಬಿ ಚೂರು, ಸುಮಾರು 30 ಮಿಲಿಗ್ರಾಂ ಎಂಜೈಮ್, ಒಂದು ಹಗಲು ಒಂದು ರಾತ್ರಿ. ಸೋಸಿ ಆಸಿಡ್ ಹಾಕಿದರೆ ಟೆರೆಫ್ತಾಲಿಕ್ ಆಸಿಡ್ ಬಿಳಿ ಪುಡಿಯಾಗಿ ಕೂರುತ್ತದೆ, ಒಣಗಿಸಿದ ಮೇಲೆ 7 ಗ್ರಾಂ ಆಸುಪಾಸು. ಪೂರ್ತಿ ಒಡೆದರೆ 8.6 ಸಿಗಬೇಕು. ದುಡ್ಡು ತಿನ್ನುವುದು ಎಂಜೈಮ್ ಅಲ್ಲ. ಕಿಲೋ ಡಬ್ಬಿಗೆ 400 ಗ್ರಾಂ ಮೇಲೆ ಕಾಸ್ಟಿಕ್ ಸೋಡಾ ಬೇಕು, ಆಮೇಲೆ ಅದನ್ನು ಕೊಲ್ಲಲು ಅಷ್ಟಕ್ಕೆ ತಕ್ಕ ಸಲ್ಫ್ಯೂರಿಕ್ ಆಸಿಡ್. ಉಳಿಯುವ ಉಪ್ಪುನೀರನ್ನು ತೋಟಕ್ಕೆ ಬಿಡಲು ಅಪ್ಪ ಒಪ್ಪುತ್ತಿಲ್ಲ, ಕ್ಯಾನುಗಳಲ್ಲಿ ತುಂಬಿಟ್ಟಿದ್ದೇನೆ.