ಕನಕಾಂಬರ ಬಾಡಿದರೆ ಮೊದಲು ಬೇರು ನೋಡಿ

ಮಂಡ್ಯದ ನಮ್ಮ ಮನೆ ಹಿತ್ತಲಲ್ಲಿ ಹತ್ತಡಿ ಉದ್ದ, ಆರಡಿ ಅಗಲದ ಒಂದು ಪಾತಿ ಇದೆ. ಅದರಲ್ಲಿ 18 ಕನಕಾಂಬರದ ಗಿಡ. ದಿನ ಬಿಟ್ಟು ದಿನ ಬಿಡಿಸಿದರೆ ಒಂದು ಮೊಳ ಕಟ್ಟುವಷ್ಟು ಹೂವು ಸಿಗುತ್ತದೆ. ವಾಸನೆ ಇಲ್ಲದ ಹೂವು, ನಿಜ. ಆದರೆ ಮಲ್ಲಿಗೆ ಸಂಜೆಗೇ ಕಂದಿಹೋದರೂ ಕನಕಾಂಬರ ಮಾರನೇ ದಿನವೂ ಹಾಗೇ ಇರುತ್ತದೆ. ನನಗೆ ಅದಕ್ಕೇ ಇಷ್ಟ.

ಮೊದಲ ಸಲ ಬೀಜದಿಂದ ಬೆಳೆಸಿದೆ. ಒಣಗಿದ ತೆನೆಗೆ ನೀರು ತಾಗಿದರೆ ಸಾಕು, ಕಾಯಿ ಪಟಪಟ ಸಿಡಿದು ಬೀಜ ಎಲ್ಲೆಲ್ಲೋ ಹಾರುತ್ತದೆ. ಹಾಗಾಗಿ ತೆನೆ ಬಲಿಯುವಾಗಲೇ ತೆಳು ಬಟ್ಟೆ ಸುತ್ತಿದ್ದೆ. ಹೊಸ ಬೀಜ ಚೆನ್ನಾಗಿ ಹುಟ್ಟಿತು, ಮೊದಲ ವರ್ಷ ಹೂವೂ ಜೋರಾಗಿ ಬಂತು.

ಎರಡನೇ ವರ್ಷ ಗಿಡ ಕುಗ್ಗತೊಡಗಿತು. ಎಲೆ ಹಳದಿಯಾಯಿತು. ಬೆಳಗ್ಗೆ ನೀರು ಕೊಟ್ಟಿದ್ದರೂ ಮಧ್ಯಾಹ್ನಕ್ಕೆ ಜೋಲುಬೀಳುತ್ತಿತ್ತು. ನೀರು ಸಾಲದು ಅಂತ ಇನ್ನಷ್ಟು ಸುರಿದೆ, ಅದು ತಪ್ಪು. ಕೊನೆಗೆ ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುಂಬ ರಾಗಿ ಕಾಳು ಪೋಣಿಸಿದ ಹಾಗೆ ಗಂಟು. ಬೇರಿಗೆ ಗಂಟು ಕಟ್ಟುವ ಜಂತುಹುಳು ಅದು, ಕಣ್ಣಿಗೆ ಕಾಣುವುದಿಲ್ಲ. ಬೇರು ನೀರು ಎಳೆಯದ ಮೇಲೆ ಎಷ್ಟು ಸುರಿದರೇನು, ಅಲ್ವಾ? ಕನಕಾಂಬರ ಇಡುವ ಮುಂಚೆ ಅದೇ ಪಾತಿಯಲ್ಲಿ ಟೊಮ್ಯಾಟೊ, ಬದನೆ ಹಾಕಿದ್ದೆವು. ಈ ಹುಳಕ್ಕೆ ಅವೆರಡೂ ಬಹಳ ಇಷ್ಟ.

ಎಲ್ಲ ಗಿಡವನ್ನೂ ಬೇರುಸಮೇತ ಕಿತ್ತು ಸುಟ್ಟೆ. ಗೊಬ್ಬರದ ಗುಂಡಿಗೆ ಹಾಕಿದ್ದರೆ ಹುಳ ಅಲ್ಲಿಗೂ ಹೋಗುತ್ತಿತ್ತು. ಏಪ್ರಿಲ್, ಮೇ ಬಿಸಿಲಲ್ಲಿ ಮಣ್ಣನ್ನು ಎರಡು ಮೂರು ಸಲ ಅಗೆದು ಒಣಗಿಸಿದೆ. ಮಳೆ ಬಿದ್ದ ಮೇಲೆ ಪಾತಿ ತುಂಬ ಚೆಂಡುಹೂವು ಒತ್ತೊತ್ತಾಗಿ ಹಾಕಿದೆ. ಅದರ ಬೇರಿನಲ್ಲಿರುವ ಅಂಶ ಈ ಹುಳಕ್ಕೆ ಆಗದು. ನಾಲ್ಕು ತಿಂಗಳಾದ ಮೇಲೆ ಆ ಗಿಡಗಳನ್ನೇ ಕೊಚ್ಚಿ ಮಣ್ಣಿಗೆ ಸೇರಿಸಿ, ಜೊತೆಗೆ ಬೇವಿನ ಹಿಂಡಿ, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿದೆ. ಒಂದು ವರ್ಷ ಹೂವಿಲ್ಲದೆ ಕಳೆಯಿತು. ಬೇಜಾರಾಗಿತ್ತು, ಆದರೆ ಅವಸರ ಮಾಡಲಿಲ್ಲ.

ಎರಡನೇ ಸಲ ಹಾಕಿದ್ದು ದೆಹಲಿ ಕನಕಾಂಬರ. ಬಣ್ಣ ಗಾಢ, ಹೂವು ಅಗಲ. ಇದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ತೆನೆ ಬರದ ರೆಂಬೆಯ ತುದಿಯನ್ನು ನಾಲ್ಕೈದು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗಿಟ್ಟೆ. ತಿಂಗಳೊಳಗೆ ಬೇರು ಬಂತು. ಒಂದೂವರೆ ಅಡಿಗೊಂದರಂತೆ ನೆಟ್ಟೆ. ಪಕ್ಕದಲ್ಲಿ ನುಗ್ಗೆ ಮರ ಇರುವುದರಿಂದ ಮಧ್ಯಾಹ್ನದ ಬಿಸಿಲು ಸೋಸಿ ಬೀಳುತ್ತದೆ. ಬುಡಕ್ಕೆ ಕಬ್ಬಿನ ತರಗು ಹೊದಿಸಿದ್ದೇನೆ.

ಹೂವು ತೆನೆಯ ಬುಡದಿಂದ ತುದಿಗೆ ಅರಳುತ್ತಾ ಹೋಗುತ್ತದೆ. ತುದಿ ಮುಗಿದ ತೆನೆಯನ್ನು ನಾನು ಸುಮ್ನೆ ಬಿಟ್ಟುಬಿಡುತ್ತಿದ್ದೆ. "ಒಣಗಿದ್ದನ್ನ ಚಿವುಟು ಮಗ, ಚಿಗುರ್ತದೆ" ಅಂದವರು ನಮ್ಮವ್ವ. ಚಿವುಟಿದ ಕಡೆ ಎರಡು ಹೊಸ ಚಿಗುರು, ಅದರಲ್ಲಿ ಹೊಸ ತೆನೆ. ಹೂವು ಜಾಸ್ತಿಯಾಗಿದ್ದು ಇದರಿಂದಲೇ.

ಹೋದ ವಾರ ಎರಡು ಗಿಡದ ಎಳೆ ಎಲೆ ಮತ್ತೆ ಹಳದಿಯಾಯಿತು. ಎದೆ ಧಸಕ್ಕೆಂದಿತು. ಬುಡದ ಪಕ್ಕ ಮೆಲ್ಲಗೆ ಕೆದಕಿ ನೋಡಿದೆ. ಬೇರು ಬೆಳ್ಳಗಿದೆ, ಒಂದೂ ಗಂಟಿಲ್ಲ. ಎಲೆಯ ನರ ಮಾತ್ರ ಹಸಿರಾಗಿಯೇ ಇದೆ. ಅಂದರೆ ಇದು ಕಬ್ಬಿಣದ ಅಂಶದ ಕೊರತೆ. ನಮ್ಮ ಬೋರ್ ನೀರು ಗಡಸು, ಅದನ್ನೇ ಹಾಕುತ್ತಿದ್ದರೆ ಮಣ್ಣಿನಲ್ಲಿರುವ ಕಬ್ಬಿಣ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ. ಸದ್ಯಕ್ಕೆ ಹಿಡಿದಿಟ್ಟ ಮಳೆ ನೀರು ಹಾಕುತ್ತಿದ್ದೇನೆ, ಬುಡಕ್ಕೆ ಎರೆಗೊಬ್ಬರ ಕೊಟ್ಟಿದ್ದೇನೆ. ಮುಂದಿನ ಚಿಗುರು ಯಾವ ಬಣ್ಣದಲ್ಲಿ ಬರುತ್ತದೋ ಅಂತ ದಿನಾ ಬೆಳಗ್ಗೆ ಹೋಗಿ ನೋಡುತ್ತಿದ್ದೇನೆ.