ನಾಯಕರ ಜಗಳ ಓದುವುದು ಹೇಗೆ: ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ

ನಮ್ಮ ಕಡೆ ಇಬ್ಬರು ದೊಡ್ಡ ನಾಯಕರು ಬೈದಾಡಿಕೊಂಡರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ನಾವೂ ಎರಡು ಗುಂಪಾಗಿಬಿಡುತ್ತೇವೆ. ಯಾರು ಸರಿ, ಯಾರು ತಪ್ಪು ಅನ್ನೋದನ್ನು ಸ್ವಲ್ಪ ಹೊತ್ತು ಬದಿಗಿಡಿ. ಎರಡೇ ಪ್ರಶ್ನೆ ಕೇಳಿ. ಇವರು ಯಾವುದಕ್ಕೆ ಜಗಳ ಆಡುತ್ತಿದ್ದಾರೆ? ಯಾವುದಕ್ಕೆ ಜಗಳವನ್ನೇ ಆಡುವುದಿಲ್ಲ?

ಮೊದಲು ರಾಜಿಯನ್ನು ಓದಿ. ಜಗಳ ಶುರುವಾದಾಗ ಆಡುವ ಮಾತು ಜನರಿಗೆ, ಮುಗಿದಾಗ ಸಿಗುವುದು ಅವರಿಗೆ. 2009ರ ಕೊನೆಯಲ್ಲಿ ಬಳ್ಳಾರಿಯ ಗಣಿ ಉದ್ಯಮಿಗಳಾದ ರೆಡ್ಡಿ ಸಹೋದರರು ತಮ್ಮದೇ ಪಕ್ಷದ ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ತಿರುಗಿಬಿದ್ದರು, ಶಾಸಕರು ರೆಸಾರ್ಟ್ ಸೇರಿದರು, ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಮಾತೆಲ್ಲ ನೆರೆ ಪರಿಹಾರ, ಸ್ವಾಭಿಮಾನದ ಬಗ್ಗೆ. ಆದರೆ ಒಳಗೆ ಇದ್ದದ್ದು ಸರ್ಕಾರ ಅದಿರಿನ ಲಾರಿಯೊಂದಕ್ಕೆ 1,000 ರೂಪಾಯಿ ವಸೂಲಿ ಮಾಡುವ ಪ್ರಸ್ತಾಪ, ಜಿಲ್ಲೆಯಲ್ಲಿ ಆದ ಅಧಿಕಾರಿಗಳ ವರ್ಗಾವಣೆ. ರಾಜಿ ದೆಹಲಿಯಲ್ಲಿ ಆಯಿತು. ಯಡಿಯೂರಪ್ಪನವರ ಆಪ್ತೆ ಶೋಭಾ ಕರಂದ್ಲಾಜೆ ಮಂತ್ರಿ ಸ್ಥಾನ ಬಿಟ್ಟರು, ರೆಡ್ಡಿಗಳು ಬೆಂಬಲಿಸಿದ್ದ ಜಗದೀಶ ಶೆಟ್ಟರ್ ಮಂತ್ರಿಯಾದರು. ಗಣಿ ದೂಳು ತಿಂದ ಸಂಡೂರಿನ ಹಳ್ಳಿಗೆ ಆ ರಾಜಿಯಲ್ಲಿ ಏನು ಸಿಕ್ಕಿತು ಹೇಳಿ. ಹೀಗೆ ಪ್ರತಿ ಜಗಳಕ್ಕೂ ಒಂದು ಹಾಳೆಯಲ್ಲಿ ಬರೆದಿಡಿ: ಏನು ಕೇಳಿದರು, ಯಾರ ಕೈಗೆ ಏನು ಬಂತು.

ಪಕ್ಷದ ಹೆಸರಿಗೆ ಜಾಸ್ತಿ ಬೆಲೆ ಕೊಡಬೇಡಿ. 2023ರಲ್ಲಿ ಬಳ್ಳಾರಿ ನಗರದಲ್ಲಿ ಬಿಜೆಪಿಯಿಂದ ಸೋಮಶೇಖರ ರೆಡ್ಡಿ ನಿಂತರೆ, ಎದುರಿಗೆ ಅವರ ಸಹೋದರ ಜನಾರ್ದನ ರೆಡ್ಡಿಯವರ ಪತ್ನಿ ಅರುಣಾ ಲಕ್ಷ್ಮಿ ಗಂಡ ಕಟ್ಟಿದ ಹೊಸ ಪಕ್ಷದಿಂದ ನಿಂತರು. ಗೆದ್ದದ್ದು ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ. ಗಂಗಾವತಿಯಲ್ಲಿ ಗೆದ್ದ ಜನಾರ್ದನ ರೆಡ್ಡಿ 2024ರ ಮಾರ್ಚ್‌ನಲ್ಲಿ ಆ ಪಕ್ಷವನ್ನೇ ಬಿಜೆಪಿಗೆ ಸೇರಿಸಿದರು. ಒಂದು ವರ್ಷವೂ ಆಗಲಿಲ್ಲ, ಹಳೇ ಗೆಳೆಯ, ಬಿಜೆಪಿಯ ಶ್ರೀರಾಮುಲು ಜೊತೆ ಬಹಿರಂಗ ಜಗಳ. ಅಲ್ಲಿಯವರೆಗೆ ಊರಿನ ಕಾರ್ಯಕರ್ತರು ಒಬ್ಬರ ಮನೆ ಮದುವೆಗೆ ಒಬ್ಬರು ಹೋಗದಷ್ಟು ದೂರ ಆಗಿರುತ್ತಾರೆ. ನನಗೆ ನಿಜಕ್ಕೂ ಸಂಕಟ ಆಗುವುದು ಅದಕ್ಕೆ.

ಈಗ ಕೈಯಾರೆ ಮಾಡುವ ಕೆಲಸ. ಚುನಾವಣೆಗೆ ನಿಂತವರು ಕೊಡುವ ಅಫಿಡವಿಟ್, ಅಂದರೆ ನಮೂನೆ 26, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಎಲ್ಲರೂ ಒಟ್ಟು ಆಸ್ತಿ ಎಷ್ಟು ಕೋಟಿ ಅಂತ ನೋಡಿ ಮುಚ್ಚಿಬಿಡುತ್ತಾರೆ. ನೀವು ಚರಾಸ್ತಿ ಪಟ್ಟಿಯಲ್ಲಿ ಕೊಟ್ಟ ಸಾಲ ಅನ್ನುವ ಸಾಲಿಗೆ ಹೋಗಿ. ಯಾವ ವ್ಯಕ್ತಿಗೆ, ಯಾವ ಕಂಪನಿಗೆ ದುಡ್ಡು ಕೊಟ್ಟಿದ್ದಾರೆ ಅಂತ ಅಲ್ಲಿ ಬರೆಯಬೇಕು. ಷೇರು, ಪಾಲುದಾರಿಕೆಯೂ ಅಲ್ಲೇ. ಆಮೇಲೆ ಜಮೀನು: ಊರು, ಸರ್ವೆ ನಂಬರ್, ಕೊಂಡ ತಾರೀಖು, ಆಗ ಕೊಟ್ಟ ಬೆಲೆ. ಹೆಂಡತಿ ಅಥವಾ ಗಂಡನ ಕಾಲಂ ಬಿಡಬೇಡಿ. ಎದುರಾಳಿಯ ಅಫಿಡವಿಟ್ ಪಕ್ಕಕ್ಕಿಟ್ಟು ಒಂದೇ ಕಂಪನಿಯ ಹೆಸರು ಎರಡು ಕಡೆ ಬರುತ್ತದಾ ನೋಡಿ. ಹಿಂದಿನ ಚುನಾವಣೆಯದ್ದನ್ನೂ ಜೊತೆಗಿಡಿ. ಸರ್ವೆ ನಂಬರಿನ ಪಹಣಿಯನ್ನು ಭೂಮಿ ತಾಣದಲ್ಲಿ ನೋಡಬಹುದು. ಹೆಸರು ಎರಡು ಕಡೆ ಬಂದ ಮಾತ್ರಕ್ಕೆ ತಪ್ಪು ಮಾಡಿದ್ದಾರೆ ಅಂತಲ್ಲ, ವೇದಿಕೆಯ ಮೇಲಿನ ವೈರ ಎಷ್ಟು ದೂರ ಹೋಗುತ್ತದೆ ಅನ್ನೋದು ಅಂದಾಜಾಗುತ್ತದೆ.

ಇನ್ನು ಜಗಳ ಆಡದ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ತಗೊಳ್ಳಿ. ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್ ಹಚ್ಚಿ ನೀರು ಎತ್ತುತ್ತಾರೆ, ಮಾನ್ವಿ, ರಾಯಚೂರಿನ ಕೊನೆ ಭಾಗದ ರೈತರು ಬೆಳೆ ಒಣಗುವಾಗ ರಸ್ತೆ ತಡೆಗೆ ಕೂರುತ್ತಾರೆ. ಸರ್ಕಾರ ಯಾವ ಪಕ್ಷದ್ದೇ ಇರಲಿ, ಇದು ಮುಗಿದಿಲ್ಲ. ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯಲ್ಲಿ ನೀರು ಬಿಡುವ ತಾರೀಖಿಗೆ ವಾದ ನಡೆಯುತ್ತದೆ, ಪಂಪ್‌ಸೆಟ್ ಕೀಳಿಸುವ ಮಾತಿಗೆ ಬಂದರೆ ದನಿ ಇಳಿಯುತ್ತದೆ. ಆ ಸಭೆಯ ನಡಾವಳಿ ತರಿಸಿ ಓದಿ, ಯಾರು ಏನು ಮಾತಾಡಿದರು ಅಂತ ಗುರುತು ಹಾಕಿ. ಆಳುವವರು ಒಂದೇ ವರ್ಗ ಅಂತ ನಾನು ಹೇಳುವುದು ಇಂಥ ಕಡೆ ಕಂಡದ್ದಕ್ಕೆ.

ಜಿಲ್ಲಾ ಖನಿಜ ಪ್ರತಿಷ್ಠಾನದ (ಡಿಎಂಎಫ್) ದುಡ್ಡೂ ಹಾಗೇ. ಗಣಿ ಕಾಯ್ದೆಯ 2015ರ ತಿದ್ದುಪಡಿ, ಅದರ ನಿಯಮದಂತೆ ಹಳೇ ಗಣಿ ಗುತ್ತಿಗೆಯವರು ರಾಯಲ್ಟಿಯ 30%, ಹರಾಜಿನಲ್ಲಿ ಪಡೆದವರು 10% ಕಟ್ಟಬೇಕು, ಅದು ಗಣಿಬಾಧಿತ ಊರಿನ ಕುಡಿಯುವ ನೀರು, ಆರೋಗ್ಯ, ಶಾಲೆಗೆ ಮೊದಲು ಹೋಗಬೇಕು. ಯಾವ ಕಾಮಗಾರಿ, ಯಾವ ಊರು, ಗುತ್ತಿಗೆ ಯಾರಿಗೆ: ಈ ಮೂರನ್ನು ಕೇಳಿ.

ಕೇಳುವುದಕ್ಕೆ ಒಳ್ಳೇ ಹೊತ್ತು ಅವರು ಕಿತ್ತಾಡುವಾಗಲೇ. ಆಗ ಒಬ್ಬರ ಕಡತ ಹೊರಬಂದರೆ ಇನ್ನೊಬ್ಬರಿಗೆ ಲಾಭ, ಕಚೇರಿಯಲ್ಲೂ ಬಾಯಿ ಬಿಡುವವರು ಸಿಗುತ್ತಾರೆ. ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ ಇರಬೇಕು, ಹೆಚ್ಚು ವಿಷಯ ಕೇಳಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗಬಹುದು. ಆರೋಪ ಬರೆಯಬೇಡಿ, ದಾಖಲೆಯ ಹೆಸರು ಬರೆಯಿರಿ: ಇಂಥ ತಾರೀಖಿನ ಸಭೆಯ ನಡಾವಳಿಯ ಪ್ರತಿ, ಇಂಥ ವರ್ಷದ ಕಾಮಗಾರಿ ಪಟ್ಟಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಒಬ್ಬರೇ ಹಾಕುವುದಕ್ಕಿಂತ ಬೇರೆ ಬೇರೆ ಪಕ್ಷದ ಕಡೆಯ ಇಬ್ಬರು ಮೂವರು ಗೆಳೆಯರು ಒಂದೊಂದು ವಿಷಯ ಹಂಚಿಕೊಂಡು ಹಾಕಿದರೆ, ಇವನು ಅವರ ಕಡೆಯವನು ಅಂತ ಯಾರೂ ಬಾಯಿ ಮುಚ್ಚಿಸಲು ಆಗುವುದಿಲ್ಲ.