ಕೋರ್ ಕಡಿಮೆ ಮಾಡಿದ ಮೇಲೆ ಓಡತೊಡಗಿದ ಸರ್ವರ್: ನನ್ನ ಅನುಭವ

ದಾವಣಗೆರೆಯ ಕೃಷಿ ಮಾರುಕಟ್ಟೆಗೆ ಹತ್ತಿರದ ಗೋದಾಮೊಂದರ ಹಿಂಬದಿಯ ಕೋಣೆಯಲ್ಲಿ ನಾನು ನೋಡಿಕೊಳ್ಳುವ ಸರ್ವರ್ ಇದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದು, 12 ಕೋರ್ (ಪ್ರೊಸೆಸರ್‌ನೊಳಗಿನ ದುಡಿಯುವ ಘಟಕ), 24 ಥ್ರೆಡ್ (ಕೋರ್‌ಗೆ ಎರಡರಂತೆ ಕೆಲಸದ ಸಾಲು), ಮೇಲೆ ಪ್ರಾಕ್ಸ್‌ಮಾಕ್ಸ್, ಅಂದರೆ ಒಂದೇ ಯಂತ್ರವನ್ನು ಹಲವು ಕಂಪ್ಯೂಟರ್‌ಗಳಾಗಿ ಹಂಚುವ ತಂತ್ರಾಂಶ. ಅದರೊಳಗೆ ಆಗ ಹೀಗೆ ಹಂಚಿದ 13 ವರ್ಚುವಲ್ ಮಷಿನ್‌ಗಳಿದ್ದವು; ಎರಡು ಲಿನಕ್ಸ್, ಉಳಿದವೆಲ್ಲ ವಿಂಡೋಸ್. ಮೂರು ಮೆಕ್ಕೆಜೋಳದ ಮಂಡಿಗಳು, ಒಂದು ರಕ್ತಪರೀಕ್ಷೆಯ ಲ್ಯಾಬ್, ಒಂದು ಶಾಲೆ ಅದರ ಮೇಲೆಯೇ ಬದುಕುತ್ತಿದ್ದವು.

ಅಕ್ಟೋಬರ್‌ನಲ್ಲಿ ಮಾಲು ಬರತೊಡಗಿದೊಡನೆ ಬೆಳಿಗ್ಗೆ 11ರಿಂದ 2ರವರೆಗೆ ಬಿಲ್ಲಿಂಗ್ ಪರದೆ ನಿಂತುಬಿಡುತ್ತಿತ್ತು. ಆ ಮಷಿನ್ ಒಳಗೆ ಹೋಗಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು 35 ಶೇಕಡಾ, ಮೆಮೊರಿ ಅರ್ಧ ಖಾಲಿ, ಡಿಸ್ಕ್ ತಣ್ಣಗೆ. ಹೋಸ್ಟ್‌ನ, ಅಂದರೆ ಇವೆಲ್ಲವನ್ನೂ ಹೊತ್ತ ಸರ್ವರ್‌ನ, ಸಿಪಿಯು ಬಳಕೆಯ ಸರಾಸರಿ ಶೇಕಡಾ 80ರ ಆಸುಪಾಸಿನಲ್ಲಿತ್ತು. ಇನ್ನೂ 20 ಉಳಿದಿದೆಯೆಂದೇ ನಾವೆಲ್ಲರೂ ಅದನ್ನು ಓದಿದೆವು. ಬೆಂಗಳೂರಿನಿಂದ ಕರೆಸಿದ ಸಲಹೆಗಾರರೊಬ್ಬರು ಅರ್ಧ ದಿನ ಕುಳಿತು, ಹೊಸ ಸರ್ವರ್‌ಗೆ ಸುಮಾರು 6 ಲಕ್ಷದ ಕೊಟೇಶನ್ ಬರೆದುಕೊಟ್ಟು, ಬೆಣ್ಣೆ ದೋಸೆ ತಿಂದು ಹೋದರು. ಅವರು ಬರುವ ಮೊದಲು ನಾನೂ ಜಾಣತನ ತೋರಿಸಿದ್ದೆ: ನಿಧಾನವೆಂದು ದೂರಿದವರಿಗೆಲ್ಲ ಎರಡೆರಡು ವಿಸಿಪಿಯು (ಮಷಿನ್‌ಗೆ ಕಾಣುವ ಕಾಲ್ಪನಿಕ ಕೋರ್) ಹೆಚ್ಚಿಸುತ್ತ ಹೋಗಿ ಹಂಚಿಕೆಯ ಮೊತ್ತವನ್ನು 70ರ ಹತ್ತಿರ ತಂದಿದ್ದೆ. ಪ್ರತಿ ಸಲವೂ ಎರಡು ದಿನ ದೂರು ನಿಲ್ಲುತ್ತಿತ್ತು, ಮೂರನೆಯ ದಿನ ಪಕ್ಕದ ಮಂಡಿಯಿಂದ ಫೋನ್ ಬರುತ್ತಿತ್ತು.

ಸುಳಿವು ಸಿಕ್ಕಿದ್ದು ಲ್ಯಾಬ್‌ನವರ ಲಿನಕ್ಸ್ ಮಷಿನ್‌ನಲ್ಲಿ. ಅಲ್ಲಿ ಸಿಪಿಯು ಬಳಕೆ ತೋರಿಸುವ ಟಾಪ್ ಆದೇಶ ಓಡಿಸಿದಾಗ ಸಾಲಿನ ತುದಿಯ ಸ್ಟೀಲ್ ಅಂಕಿ 18 ತೋರಿಸುತ್ತಿತ್ತು. ಓಡಲು ಸಿದ್ಧವಾಗಿ ನಿಂತ ಮಷಿನ್‌ಗೆ ನೂರರಲ್ಲಿ ಹದಿನೆಂಟು ಪಾಲು ಸಮಯ ಕೋರ್ ಸಿಗುತ್ತಿಲ್ಲವೆಂದು ಇದರರ್ಥ. ವಿಂಡೋಸ್ ಮಷಿನ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಥ ಅಂಕಿಯೇ ಇಲ್ಲ. ಹನ್ನೊಂದು ಮಷಿನ್‌ಗಳು ಸರದಿಯಲ್ಲಿ ನಿಂತು ಒದ್ದಾಡುತ್ತಿದ್ದರೂ ಅವುಗಳ ಒಳಗಿನ ಗ್ರಾಫ್ ಹಸಿರಾಗಿಯೇ ಇತ್ತು.

ಹಾಗಾಗಿ ಅಳತೆಯನ್ನು ಹೊರಗಿನಿಂದಲೇ ತೆಗೆಯಬೇಕಾಯಿತು. ಪ್ರಾಕ್ಸ್‌ಮಾಕ್ಸ್‌ನ ಕೆಳಗೆ ಮಷಿನ್‌ಗಳನ್ನು ಓಡಿಸುವ ಕೆವಿಎಂನಲ್ಲಿ ಪ್ರತಿ ವಿಸಿಪಿಯು ಹೋಸ್ಟ್‌ನ ಒಂದು ಸಾಮಾನ್ಯ ಥ್ರೆಡ್ (ಇಲ್ಲಿ ಓಡುವ ಕೆಲಸದ ಎಳೆ, ಪ್ರೊಸೆಸರ್‌ನ ಥ್ರೆಡ್ ಅಲ್ಲ) ಮಾತ್ರ. ಲಿನಕ್ಸ್ ತನ್ನ ಒಳಗಿನ ಲೆಕ್ಕ ತೋರಿಸುವ ಪ್ರಾಕ್ ಅಡಿಯಲ್ಲಿ ಆ ಥ್ರೆಡ್‌ನ ಸ್ಕೆಡ್‌ಸ್ಟ್ಯಾಟ್ ಕಡತದಲ್ಲಿ ಮೂರು ಅಂಕಿಗಳಿವೆ: ಮೊದಲನೆಯದು ಓಡಿದ ಸಮಯ, ಎರಡನೆಯದು ಸರದಿಯಲ್ಲಿ ಕಾದ ಸಮಯ, ಎರಡೂ ನ್ಯಾನೋ ಸೆಕೆಂಡುಗಳಲ್ಲಿ. ನನಗೆ ಬೇಕಾದದ್ದು ಆ ಎರಡನೆಯದು. ಮೂವತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದು, ಅಳತೆಗಳನ್ನು ಹೊರಗೆ ಒದಗಿಸುವ ನೋಡ್ ಎಕ್ಸ್‌ಪೋರ್ಟರ್‌ನ ಪಠ್ಯಕಡತದ ದಾರಿಯಿಂದ, ಅವನ್ನು ಕೂಡಿಡುವ ಪ್ರೊಮಿಥಿಯಸ್‌ಗೆ ಕಳಿಸಿದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಒಂದು ನಿಮಿಷಕ್ಕಿಂತ ಕೆಳಗೆ ಇಳಿಯದ ಕಾರಣ ಸಿಸ್ಟಂಡಿ ಟೈಮರ್ ಇಟ್ಟು 15 ಸೆಕೆಂಡಿಗೊಮ್ಮೆ ಓದಿಸಿದೆ. ಒಂದು ನಿಮಿಷದ ಸರಾಸರಿಯಲ್ಲಿ ಮಂಡಿಯವರು ಬೈಯುವ ಆ ಹತ್ತು ಸೆಕೆಂಡು ಕಾಣುವುದೇ ಇಲ್ಲ.

ಮೊದಲ ಆವೃತ್ತಿ ಕೆಟ್ಟದ್ದು ನನ್ನ ಅವಸರದಿಂದ. ಥ್ರೆಡ್‌ನ ಸಂಖ್ಯೆಯನ್ನೇ ಲೇಬಲ್ ಮಾಡಿದ್ದೆ. ಮಷಿನ್ ಪುನಃ ಆರಂಭವಾದಾಗಲೆಲ್ಲ ಹೊಸ ಸಂಖ್ಯೆ, ಹೊಸ ಸರಣಿ. ಗ್ರಾಫ್ ಚೂರುಚೂರಾಗಿ, ಡಿಸ್ಕ್ ಮೂರು ವಾರದಲ್ಲಿ ಊದಿಕೊಂಡಿತು. ಮಷಿನ್ ಸಂಖ್ಯೆ ಮತ್ತು ವಿಸಿಪಿಯು ಕ್ರಮಾಂಕ ಇವೆರಡನ್ನೇ ಲೇಬಲ್ ಮಾಡಿದ ಮೇಲೆ ಅದು ಸರಿಹೋಯಿತು. ಎರಡನೆಯ ತಪ್ಪು ಇನ್ನೂ ನಾಚಿಕೆಯದು. ನಿಗಾ ವ್ಯವಸ್ಥೆಯನ್ನು ಅದೇ ಸರ್ವರ್‌ನೊಳಗೆ ಹದಿನಾಲ್ಕನೆಯ ಮಷಿನ್ ಆಗಿ ಇಟ್ಟಿದ್ದೆ. ಒಂದು ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು ಎಲ್ಲವೂ ಒಟ್ಟಿಗೆ ಮಲಗಿದವು. ಕೂಗಿ ಹೇಳಬೇಕಾದ ಕಾವಲುಗಾರನೂ ಅವುಗಳ ಜೊತೆಗೇ ಮಲಗಿದ್ದ. ಬೆಳಿಗ್ಗೆ ಹಮಾಲರು ಬಂದು ಬಾಗಿಲು ತೆಗೆದಾಗಲೇ ವಿಷಯ ತಿಳಿದದ್ದು. ಬಳಿಕ 8 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಒಂದನ್ನು 9,000 ರೂಪಾಯಿಗೆ ಕೊಂಡು ನನ್ನ ಕಚೇರಿಯಲ್ಲಿಟ್ಟೆ. ಅದಕ್ಕೆ ಸರ್ವರ್‌ನಿಂದ ಐದು ನಿಮಿಷಕ್ಕೊಮ್ಮೆ ಒಂದು ನಾಡಿಬಡಿತ ಬರಬೇಕು. ಬರದಿದ್ದರೆ ನನ್ನ ಮೊಬೈಲ್ ಕೂಗುತ್ತದೆ.

ಅಷ್ಟರಲ್ಲಿ ಡಿಸೆಂಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸಿಪಿಯು ಬೆನ್ನು ಹತ್ತಿದ್ದ ನಾನು ಥಿನ್ ಪೂಲ್ (ಎಲ್ಲ ಮಷಿನ್‌ಗಳೂ ಬೇಕಾದಷ್ಟು ಜಾಗ ಪಡೆಯುವ ಹಂಚಿಕೆಯ ಡಿಸ್ಕ್) ಕಡೆ ನೋಡಿರಲಿಲ್ಲ. ವಿಂಡೋಸ್ ಒಳಗೆ ಕಡತ ಅಳಿಸಿದರೂ ಅಳಿಸಿದ ಜಾಗವನ್ನು ಹಿಂದಿರುಗಿಸುವ ಡಿಸ್ಕಾರ್ಡ್ ಆಯ್ಕೆ ಹಾಕಿರದಿದ್ದರೆ ಪೂಲ್‌ನಲ್ಲಿ ಜಾಗ ತೆರವಾಗುವುದಿಲ್ಲವೆಂಬುದು ನನಗೆ ಗೊತ್ತಿತ್ತು, ಆದರೂ ಹಾಕಿರಲಿಲ್ಲ. ಪೂಲ್ ನೂರಕ್ಕೆ ನೂರು ತುಂಬಿ ಮೂರು ಮಷಿನ್‌ಗಳು ಬರೆಯಲಾಗದೆ ನಿಂತವು. ಎರಡು ದಿನದ ಲೆಕ್ಕವನ್ನು ಕೈಬರಹದ ಚೀಟಿಗಳಿಂದ ಮತ್ತೆ ಹಾಕಿಸಿದೆ. ವಾರ್ಷಿಕ ಒಪ್ಪಂದದಲ್ಲಿ ನಲವತ್ತು ಸಾವಿರದಷ್ಟು ಬಿಟ್ಟುಕೊಡಬೇಕಾಯಿತು. ಈಗ ಪೂಲ್‌ನ ಡೇಟಾ 80 ದಾಟಿದರೆ ಸಂದೇಶ ಬರುತ್ತದೆ. ಯಾವ ಜಾಗ ಯಾರದೆಂದು ಬರೆದಿಡುವ ಮೆಟಾಡೇಟಾಕ್ಕೆ ಇನ್ನೂ ಕೆಳಗಿನ ಗೆರೆ ಇಟ್ಟಿದ್ದೇನೆ, ಏಕೆಂದರೆ ಅದು ತುಂಬಿದರೆ ಚೀಟಿಗಳೂ ಕೈಹಿಡಿಯುವುದಿಲ್ಲ.

ಕಾಯುವಿಕೆಯ ಗ್ರಾಫ್ ಒಂದು ತಿಂಗಳು ಓಡಿದ ಮೇಲೆ ಚಿತ್ರ ಸ್ಪಷ್ಟವಾಯಿತು. ದೊಡ್ಡ ಮಂಡಿಯ 8 ವಿಸಿಪಿಯು ಮಷಿನ್‌ನಲ್ಲಿ ಪ್ರತಿ ವಿಸಿಪಿಯು ಸುಗ್ಗಿಯ ಹೊತ್ತಿಗೆ ಸರಾಸರಿ 22 ಶೇಕಡಾ ಸಮಯ ಕಾಯುತ್ತಿತ್ತು, ಆದರೆ ಒಮ್ಮೆಗೆ ನಿಜವಾಗಿ ದುಡಿಯುತ್ತಿದ್ದದ್ದು ಎರಡೂವರೆ ವಿಸಿಪಿಯುನಷ್ಟೇ. ಲಾಕ್ (ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಬೀಗ) ಹಿಡಿದ ವಿಸಿಪಿಯುವನ್ನೇ ಹೋಸ್ಟ್ ಬದಿಗೆ ಸರಿಸಿದಾಗ ಉಳಿದವು ಆ ಲಾಕ್‌ಗಾಗಿ ಸುಮ್ಮನೆ ಸುತ್ತುತ್ತ ಕೋರ್ ತಿನ್ನುತ್ತವೆ. ಕಡಿಮೆ ಮಾಡೋಣವೆಂದು ನಾನು ಹೇಳಿದಾಗ ಸಾಹುಕಾರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು: “ಎಂಟು ಎತ್ತು ಕಟ್ಟಿದ್ರೂ ಎಳೀತಿಲ್ಲ ಅಂದ್ರೆ, ಐದು ಬಿಚ್ಚಿದ್ರೆ ಎಳೀತೈತೇನಪ್ಪಾ?” ವೃತ್ತಿಯ ಗೆಳೆಯರಿಬ್ಬರು ನಕ್ಕರು, ಒಬ್ಬರಂತೂ ನಾನು ಕೆಲಸ ಕಳೆದುಕೊಳ್ಳುವ ದಿನಾಂಕವನ್ನೂ ಹೇಳಿದರು.

ಒಂದು ಭಾನುವಾರ ಆ ಮಷಿನ್‌ಗೆ 8ರ ಬದಲು 3 ಕೊಟ್ಟೆ. ಉಳಿದವನ್ನೂ ಇಳಿಸುತ್ತ ಹಂಚಿಕೆಯ ಮೊತ್ತವನ್ನು 70ರಿಂದ 34ಕ್ಕೆ ತಂದೆ. ಸೋಮವಾರ 12 ಗಂಟೆಗೆ ಕಾಯುವಿಕೆ 3 ಶೇಕಡಾ, ಹೋಸ್ಟ್‌ನ ಸರಾಸರಿ 55ರ ಹತ್ತಿರ. ಬಿಲ್ ಮೂಡಲು ಹನ್ನೆರಡು ಹದಿಮೂರು ಸೆಕೆಂಡು ಹಿಡಿಯುತ್ತಿದ್ದದ್ದು ಎರಡಕ್ಕೆ ಇಳಿದಿತ್ತು. ಆ ದಿನ ಯಾರೂ ಫೋನ್ ಮಾಡಲಿಲ್ಲ. ಸಂಜೆ ನಾನೇ ಮಾಡಿ ಕೇಳಿದೆ. ಆರು ಲಕ್ಷದ ಕೊಟೇಶನ್ ಇವತ್ತಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಏಪ್ರಿಲ್‌ನಲ್ಲಿ ಒಂದು ಅಡ್ಡದಾರಿಯ ಪ್ರಯೋಗವೂ ಆಯಿತು. ಸುಗ್ಗಿ ಇಲ್ಲ, ಹೊರೆ ಇಲ್ಲ, ಆದರೂ ಮಧ್ಯಾಹ್ನ 3ಕ್ಕೆ ಕಾಯುವಿಕೆ ಏರತೊಡಗಿತು. ಕೋರ್‌ಗಳ ಆವರ್ತನವನ್ನು ಅದೇ ಗ್ರಾಫ್‌ನ ಮೇಲೆ ಎಳೆದಾಗ ಎರಡು ಗೆರೆಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು: ಕಾವಿಗೆ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ತಗಡಿನ ಮಾಡಿನ ಆ ಕೋಣೆಯಲ್ಲಿ ನನ್ನ ಮಾಪಕ 41 ಡಿಗ್ರಿ ತೋರಿಸಿತು. ಮುಚ್ಚಳ ತೆಗೆದರೆ ಶಾಖ ಹೀರುವ ರೆಕ್ಕೆಗಳ ನಡುವೆ ಮೆಕ್ಕೆಜೋಳದ ಹೊಟ್ಟು ಕಂಬಳಿಯಂತೆ ಕುಳಿತಿತ್ತು. ಬ್ಲೋಯರ್ ಬಾಡಿಗೆ 150 ರೂಪಾಯಿ. ಮುಂದೆ ಹಳೆಯ ಕಾಟನ್ ಸೀರೆಯನ್ನು ಗಾಳಿ ಒಳಬರುವ ಕಿಟಕಿಗೆ ಎರಡು ಮಡಿಕೆ ಕಟ್ಟಿ ನೋಡಿದೆ. ಹೊಟ್ಟು ನಿಂತಿತು, ಗಾಳಿಯೂ ನಿಂತಿತು. ಒಂದು ಮಡಿಕೆ ಸಾಕೆಂದು ತಿಳಿಯಲು ಒಂದು ವಾರ ಹಿಡಿಯಿತು.

ಎಚ್ಚರಿಕೆಯ ಗೆರೆಗಳ ವಿಷಯದಲ್ಲಿ ಇಷ್ಟು ಹೇಳಬಲ್ಲೆ: ಮೊದಲ ವಾರ ಬಳಕೆಯ ಶೇಕಡಾವಾರಿನ ಮೇಲೆ ಇಟ್ಟಾಗ ಒಂದೇ ರಾತ್ರಿ ನಾನೂರು ಸಂದೇಶ ಬಂದವು, ಬ್ಯಾಕಪ್ ನಡೆದದ್ದಕ್ಕೂ ಕೂಗು. ಈಗ ಕಾಯುವಿಕೆ 5 ಶೇಕಡಾ ದಾಟಿ ಹತ್ತು ನಿಮಿಷ ನಿಂತರೆ ಮಾತ್ರ ಟೆಲಿಗ್ರಾಮ್‌ಗೆ ಬರುತ್ತದೆ, ವಾರಕ್ಕೆ ಎರಡೋ ಮೂರೋ. ಬ್ಯಾಕಪ್‌ನ ಹೊತ್ತಿನ ಕಾಯುವಿಕೆಯನ್ನು ನಿಜವಾದ ತೊಂದರೆಯಿಂದ ಬೇರ್ಪಡಿಸುವ ಒಂದು ಸಾಲಿನ ಸೂತ್ರವಿದೆ. ಅದು ನನ್ನ ಅನ್ನದ ದಾರಿ, ಇಲ್ಲಿ ಬರೆಯುವುದಿಲ್ಲ.

ಚಿತ್ರದುರ್ಗದ ಗ್ರಾಹಕರೊಬ್ಬರಲ್ಲಿ ಇದೇ ವಿಧಾನ ಹೂಡಿದೆ, ಕೋರ್ ಇಳಿಸಿದೆ, ಏನೂ ಬದಲಾಗಲಿಲ್ಲ. ಅಲ್ಲಿ ಕಾಯುವಿಕೆ ಕೋರ್‌ಗಾಗಿ ಅಲ್ಲ, ಡಿಸ್ಕ್‌ಗಾಗಿ: ಮನೆಬಳಕೆಯ ಅಗ್ಗದ ಎಸ್‌ಎಸ್‌ಡಿಗಳ ಮೇಲೆ ಝಡ್‌ಎಫ್‌ಎಸ್ ಕಡತವ್ಯವಸ್ಥೆ ಹಾಕಿ ಡೇಟಾಬೇಸ್ ಓಡಿಸುತ್ತಿದ್ದರು, ಡಿಸ್ಕ್‌ಗೆ ತಲುಪಿತೆಂದು ಖಚಿತವಾಗುವವರೆಗೆ ಕಾಯುವ ಪ್ರತಿ ಸಿಂಕ್ ಬರಹಕ್ಕೂ ತೆವಳಾಟ. ಕರೆಂಟ್ ಹೋದರೂ ಬರಹ ಉಳಿಸಿಕೊಳ್ಳುವ ಕೆಪಾಸಿಟರ್ ಇರುವ ಎರಡು ಹಳೆಯ ಎಂಟರ್‌ಪ್ರೈಸ್ ಎಸ್‌ಎಸ್‌ಡಿಗಳನ್ನು 14,000ಕ್ಕೆ ಹುಡುಕಿ ಕೊಟ್ಟೆ. ಆ ಊರಿಗೆ ಈಗ ಡಿಸ್ಕ್ ಕಾಯುವಿಕೆಯ ಗ್ರಾಫ್ ಬೇರೆ ಬರೆಯುತ್ತಿದ್ದೇನೆ. ಅದರ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಈ ಸುಗ್ಗಿ ಮುಗಿಯುವವರೆಗೆ ನೋಡಬೇಕು.